ಕಪ್ಪತಗುಡ್ಡಕ್ಕ ಸೈಕಲ್ಲು: ಮೈಮ್ಯಾಲೆ ಏನು, ಚೀಲದಾಗ ಏನು?

ಬ್ಯಾಸಿಗಿ ಸೂಟಿ ಬಂತು. ಗದಗ-ಬೆಟಗೇರಿಯ ಹುಡುಗರು ಡಂಬಳದ ಹಾದಿ ಹಿಡಿದು ಡೋಣಿಯತ್ತ, ಲಕ್ಷ್ಮೇಶ್ವರದವರು ಶಿರಹಟ್ಟಿ ದಾಟಿ ಕಪ್ಪತಗುಡ್ಡಕ್ಕೆ ಸೈಕಲ್ಲಿನ ಮೇಲೆ ಹೊರಡುವ ಕಾಲ. ಹೋಗಲಿ, ಬೇಡ ಎಂದವರ್ಯಾರು? ಆದರೆ ಹಿಂದಿನ ರಾತ್ರಿ ಟೈರಿನ ಗಾಳಿ ನೋಡ್ತಾರೆ, ಚೈನಿಗೆ ಎಣ್ಣೆ ಬಿಡ್ತಾರೆ. ಮೈಮೇಲಿನ ಅರಿವೆಯ ವಿಚಾರ ಮಾತ್ರ ಯಾರಿಗೂ ಬೇಕಿಲ್ಲ. ಬಿಗಿ ಜೀನ್ಸು, ಕರೀ ನೈಲಾನ್ ಅಂಗಿ ಏರಿಸಿ ನಡೆದೇಬಿಟ್ಟರು!

ನಮ್ಮ ಕಡೆಯದು ಒಣ ಬಿಸಿಲು. ಬೆವರು ಆರಿದರಷ್ಟೇ ಮೈ ತಂಪು. ಗಾಳಿಯಾಡದ ಅರಿವೆಯೊಳಗೆ ಬೆವರು ಆರದೆ ಮೈ ಕುದಿಯುತ್ತದೆ. ಇದಕ್ಕೆ ದುಬಾರಿ ಜರ್ಸಿಯೇ ಬೇಕಂತಿಲ್ಲ. ಅದು ಜಲ್ದಿ ಒಣಗುತ್ತದೆ ಖರೆ, ರೊಕ್ಕ ಇದ್ದವರು ಕೊಳ್ಳಲಿ. ನಮ್ಮ ಅಜ್ಜಂದಿರು ಹೊಲದಾಗ ಹಾಕ್ತಿದ್ದಂಥ ಬಿಳೀ, ತೆಳ್ಳನೆಯ, ಸಡಿಲಾದ ತುಂಬುತೋಳಿನ ಹತ್ತಿ ಅಂಗಿ ಏರು ಹತ್ತಲು ಇವತ್ತಿಗೂ ಸಾಕು. ಹತ್ತಿ ಬೆಳೆಯುವ ನಾಡಿನಾಗ, ಮಗ್ಗದ ಬೆಟಗೇರಿಯನ್ನು ಪಕ್ಕದಲ್ಲಿಟ್ಟುಕೊಂಡು ನೈಲಾನಿನೊಳಗೆ ಬೇಯುವುದು ಎಂಥಾ ಶ್ಯಾಣ್ಯಾತನ?

ಇಳಿಜಾರಿನ ಮಾತು ಬೇರೆ. ಗುಡ್ಡದ ಮ್ಯಾಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ರಿ! ಬೆವರಿನಿಂದ ತೊಯ್ದ ಹತ್ತಿ ಅಂಗಿಯಲ್ಲಿ ಬೆಳಗಿನ ಗಾಳಿಗೆ ಎದೆಯೊಡ್ಡಿ ಇಳಿದರೆ ಮೈ ನಡುಗುತ್ತದೆ. ಚೀಲದಲ್ಲಿ ಇನ್ನೊಂದು ಒಣ ಅಂಗಿ ಇರಲೇಬೇಕು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ. ಅಡ್ಡಮಳೆ ಹಿಡಿದರೆ ಆ ಹಾಳೆಯೇ ಕೊಪ್ಪೆ. ಗುಡುಗು ಕೇಳಿದರೆ ಮಾತ್ರ ನೆತ್ತಿಯ ಮೇಲೆ ನಿಲ್ಲಬೇಡಿ.

ಇನ್ನೊಂದು ಮಾತು ಹೇಳಲು ಸಂಕೋಚ. ಜೀನ್ಸಿನ ದಪ್ಪ ಹೊಲಿಗೆ ಸೀಟಿನ ಮೇಲೆ ಎರಡು ತಾಸು ತಿಕ್ಕಿದರೆ ತೊಡೆಸಂದು ಕಿತ್ತು, ಮರುದಿನ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂಡುವ ಹಾಗಿಲ್ಲ. ಮೆತ್ತನೆಯ, ಮೊಣಕಾಲುದ್ದದ ಚಡ್ಡಿ ಲೇಸು. ಪಾಯಿಜಾಮದವರು ಬಲಗಾಲಿಗೆ ದಾರ ಬಿಗಿಯಿರಿ. ಚೈನು ಯಾರ ಮುಲಾಜೂ ನೋಡೋದಿಲ್ಲ. ತಲೆಗೆ ಹೆಲ್ಮೆಟ್ಟು, ಅದರಡಿ ತೊಯ್ಸಿದ ತೆಳು ವಸ್ತ್ರ, ಕುತ್ತಿಗೆ ಮುಚ್ಚುವಂತೆ.

ಜೊತೆಗಾರ ತೊದಲಿದರೆ, ದಿಕ್ಕುತಪ್ಪಿದವರಂತೆ ಮಾತಾಡಿದರೆ ‘ದಣಿವು’ ಎಂದು ತಳ್ಳಿಹಾಕಬೇಡಿ. ಅದು ಬಿಸಿಲು ಹೊಡೆದ ಲಕ್ಷಣ, ಜೀವಕ್ಕೇ ಅಪಾಯ. ತಕ್ಷಣ 108ಕ್ಕೆ ಫೋನು ಮಾಡಿ. ನೆರಳಿಗೆ ಮಲಗಿಸಿ, ಅಂಗಿ ಬಿಚ್ಚಿ, ಇದ್ದ ನೀರೆಲ್ಲ ಮೈಮೇಲೆ ಸುರಿದು ಗಾಳಿ ಬೀಸುತ್ತಿರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಡಾಂಬರು ರಸ್ತೆ ಬಿಟ್ಟು ಒಳದಾರಿ ಹಿಡಿಯುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿರಿ. ಬೀಡಿ, ಕಡ್ಡಿಪೆಟ್ಟಿಗೆ ಮನೆಯಲ್ಲೇ ಇರಲಿ. ಒಣಹುಲ್ಲಿಗೆ ಬೆಂಕಿ ಹತ್ತಿದರೆ ಗುಡ್ಡವೂ ಸುಡುತ್ತದೆ, ನೈಲಾನು ಕರಗಿ ಚರ್ಮಕ್ಕೂ ಅಂಟುತ್ತದೆ. ಬೆಳಿಗ್ಗೆ 5ಕ್ಕೆ ಬಿಟ್ಟರೆ ಬಿಸಿಲೇರುವುದರೊಳಗೆ ಗುಡ್ಡ ಇಳಿದು ಮನೆಯ ಹಾದಿ ಹಿಡಿಯಬಹುದು.