ಕೃಷಿ ಪಾಠ ಹೇಳುವವರು ಎಲ್ಲಿಂದ ಬರಬೇಕು?

ಅಮೆರಿಕದ ಪ್ರೌಢಶಾಲೆಗಳಲ್ಲಿ ಕೃಷಿಯನ್ನು ವೃತ್ತಿಶಿಕ್ಷಣದ ವಿಷಯವಾಗಿ ಕಲಿಸುತ್ತಾರೆ. ಈ ಶಿಕ್ಷಣಕ್ಕೆ ರಾಷ್ಟ್ರಮಟ್ಟದಲ್ಲಿ ಭದ್ರ ನೆಲೆ ಸಿಕ್ಕಿದ್ದು 1917ರ ಸ್ಮಿತ್–ಹ್ಯೂಸ್ ಕಾಯ್ದೆಯಿಂದ. ಜಾರ್ಜಿಯಾ ರಾಜ್ಯದ ಸಂಸದರಾದ ಹೋಕ್ ಸ್ಮಿತ್ ಮತ್ತು ಡಡ್ಲಿ ಹ್ಯೂಸ್ ಅವರ ಹೆಸರು ಹೊತ್ತ ಈ ಕಾಯ್ದೆ ಕೃಷಿ ಶಿಕ್ಷಕರ ಸಂಬಳಕ್ಕೆ ಕೇಂದ್ರದ ಹಣ ಒದಗಿಸಿತು; ಶಿಕ್ಷಕರನ್ನು ತಯಾರು ಮಾಡುವುದಕ್ಕೂ ಬೇರೆಯಾಗಿ ಹಣ ಎತ್ತಿಟ್ಟಿತು. ಅಷ್ಟು ಮುಂದಾಲೋಚನೆ ಇದ್ದರೂ ನೂರು ವರ್ಷ ದಾಟಿದ ಮೇಲೂ ಕೃಷಿ ಶಿಕ್ಷಕರ ಕೊರತೆ ನೀಗಿಲ್ಲ.

ಕೊರತೆಯ ಬೇರು ಇರುವುದು ಕೆಲಸದ ಸ್ವರೂಪದಲ್ಲೇ. ವಿದ್ಯಾರ್ಥಿ ವರ್ಷದಲ್ಲಿ ಕನಿಷ್ಠ ಆರು ತಿಂಗಳು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಹೊಲದ ಕೆಲಸ ಮಾಡಬೇಕೆಂದು 1917ರ ಕಾಯ್ದೆಯೇ ವಿಧಿಸಿತ್ತು. ಮಸಾಚುಸೆಟ್ಸ್‌ನ ಶಿಕ್ಷಣತಜ್ಞ ರೂಫಸ್ ಸ್ಟಿಮ್ಸನ್ ಅದಕ್ಕೂ ಮೊದಲೇ, ವಿದ್ಯಾರ್ಥಿಗಳು ತಮ್ಮ ಮನೆಯ ಜಮೀನಿನಲ್ಲೇ ಬೆಳೆ ಬೆಳೆದು ಲೆಕ್ಕ ಬರೆದಿಡುವ ಪದ್ಧತಿಯನ್ನು ಬೆಳೆಸಿದ್ದರು. ಅದು ಇಂದಿಗೂ ಉಳಿದಿದೆ. ಒಬ್ಬಳು ಕರು ಸಾಕುತ್ತಾಳೆ, ಇನ್ನೊಬ್ಬ ತರಕಾರಿ ಬೆಳೆಯುತ್ತಾನೆ, ಮತ್ತೊಬ್ಬ ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲಿ ದುಡಿಯುತ್ತಾನೆ. ಅವರೆಲ್ಲರ ಬಳಿಗೂ ಹೋಗಿ ನೋಡಿಬರುವುದು ಶಿಕ್ಷಕರ ಕರ್ತವ್ಯ. ಬೆಳೆಗೂ ದನಕರುವಿಗೂ ಬೇಸಿಗೆ ರಜೆ ಇಲ್ಲವಾದ್ದರಿಂದ ಶಿಕ್ಷಕರಿಗೂ ಪೂರ್ತಿ ರಜೆ ಸಿಗುವುದು ಅಪರೂಪ. ಇದರ ಜೊತೆಗೆ 1928ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಹುಟ್ಟಿದ ಎಫ್‌ಎಫ್‌ಎ ಎಂಬ ವಿದ್ಯಾರ್ಥಿ ಸಂಘಟನೆಯ ಶಾಲಾ ಘಟಕವನ್ನೂ ಅವರೇ ನಡೆಸಬೇಕು. ಅದರ ಭಾಷಣ ಸ್ಪರ್ಧೆ, ಜಾನುವಾರು ಪರೀಕ್ಷೆ, ಪ್ರದರ್ಶನಗಳೆಲ್ಲ ಬರುವುದು ಸಂಜೆ ಅಥವಾ ವಾರಾಂತ್ಯದಲ್ಲಿ.

1963ರ ವೃತ್ತಿಶಿಕ್ಷಣ ಕಾಯ್ದೆ ಪಾಠದ ವ್ಯಾಪ್ತಿಯನ್ನು ಹೊಲದಾಚೆಗೆ ಒಯ್ದಿತು. ತೋಟಗಾರಿಕೆ, ಅರಣ್ಯ, ಯಂತ್ರೋಪಕರಣ, ಕೃಷಿ ವ್ಯಾಪಾರ ಎಲ್ಲವೂ ತರಗತಿಗೆ ಬಂದವು. ಮಣ್ಣು, ಪಶು, ವೆಲ್ಡಿಂಗ್, ಲೆಕ್ಕಪತ್ರ ಇಷ್ಟನ್ನೂ ಬಲ್ಲವರನ್ನು ಬೀಜ, ಗೊಬ್ಬರ, ಯಂತ್ರಗಳ ಕಂಪನಿಗಳೂ ಬ್ಯಾಂಕುಗಳೂ ಹೆಚ್ಚು ಸಂಬಳ ಕೊಟ್ಟು ಕರೆದುಕೊಳ್ಳುತ್ತವೆ. ಹಾಗಾಗಿ ಕೃಷಿ ಬೋಧನೆಯ ಪದವಿ ಪಡೆದವರೆಲ್ಲ ಶಾಲೆಗೆ ಬರುವುದಿಲ್ಲ. ಒಬ್ಬರೇ ಕೃಷಿ ಶಿಕ್ಷಕರಿರುವ ಸಣ್ಣ ಊರಿನಲ್ಲಿ ಅವರು ಬಿಟ್ಟುಹೋದರೆ ಇಡೀ ವಿಭಾಗಕ್ಕೇ ಬೀಗ ಬೀಳುವ ಅಪಾಯವಿದೆ. ಗಣಿತದ ಹುದ್ದೆ ಖಾಲಿ ಬಿದ್ದರೆ ಶಾಲೆ ಹೇಗೋ ತುಂಬಿಕೊಳ್ಳುತ್ತದೆ. ಐಚ್ಛಿಕ ವಿಷಯವಾದ ಕೃಷಿಗೆ ಆ ರಕ್ಷಣೆ ಇಲ್ಲ.

ಹೊಸಬರನ್ನು ಕರೆತರಲು ಕೃಷಿ ಶಿಕ್ಷಕರ ರಾಷ್ಟ್ರೀಯ ಸಂಘ ‘ಟೀಚ್ ಆಗ್’ ಎಂಬ ಅಭಿಯಾನ ನಡೆಸುತ್ತದೆ. ಆದರೆ ಜಾಹೀರಾತಿಗಿಂತ ದೊಡ್ಡ ಆಕರ್ಷಣೆ ತರಗತಿಯೊಳಗೇ ಇದೆ. ಕೃಷಿ ಶಿಕ್ಷಕರಲ್ಲಿ ಬಹಳಷ್ಟು ಮಂದಿ ಒಂದು ಕಾಲಕ್ಕೆ ಎಫ್‌ಎಫ್‌ಎ ಸದಸ್ಯರಾಗಿದ್ದವರೇ. ಕಿರಿಯರಿಗೆ ಹೇಳಿಕೊಡುವ ಹುಮ್ಮಸ್ಸಿರುವ ಹುಡುಗ ಹುಡುಗಿಯರನ್ನು ಗುರುತಿಸಿ, ‘ನೀನೂ ಪಾಠ ಹೇಳಬಹುದು’ ಎಂದು ಅವರ ಶಿಕ್ಷಕರೇ ಹೇಳುವ ಮಾತಿಗಿರುವ ತೂಕ ಬೇರೆ ಯಾವ ಪ್ರಚಾರಕ್ಕೂ ಇಲ್ಲ. ಅಲ್ಲಿಂದ ಮುಂದಿನ ದಾರಿ ಬಹುಮಟ್ಟಿಗೆ ಭೂದತ್ತಿ ವಿಶ್ವವಿದ್ಯಾಲಯಗಳದ್ದು. ಕಾಲೇಜು ಕಟ್ಟಲು ರಾಜ್ಯಗಳಿಗೆ ಸರ್ಕಾರಿ ಭೂಮಿ ಕೊಟ್ಟ 1862ರ ಮೊರಿಲ್ ಕಾಯ್ದೆಯಿಂದ ಬೆಳೆದ ಈ ಮಾದರಿಯಲ್ಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ರೂಪುಗೊಂಡಿತು. ಪದವಿಯ ಕೊನೆಯ ಹಂತದಲ್ಲಿ ವಿದ್ಯಾರ್ಥಿಗಳು ಅನುಭವಿ ಶಿಕ್ಷಕರ ಕೈಕೆಳಗೆ ಶಾಲೆಯಲ್ಲಿ ಪಾಠ ಮಾಡಿ ಪಳಗುತ್ತಾರೆ. ರೈತರಾಗಿ ಅಥವಾ ಉದ್ಯಮದಲ್ಲಿ ದುಡಿದವರು ನಡುವಯಸ್ಸಿನಲ್ಲಿ ಶಿಕ್ಷಕರಾಗಲು ಅನೇಕ ರಾಜ್ಯಗಳಲ್ಲಿ ಪರ್ಯಾಯ ಪರವಾನಗಿಯ ವ್ಯವಸ್ಥೆಯಿದೆ. ಇವರಿಗೆ ಕಸುಬು ಗೊತ್ತು. ಕಲಿಯಬೇಕಾದದ್ದು ತರಗತಿ ನಿಭಾಯಿಸುವ ಬಗೆ.

ಹಳೆಯ ಅನ್ಯಾಯದ ಪರಿಣಾಮವೂ ನೇಮಕಾತಿಯ ಮೇಲೆ ಬಿದ್ದಿದೆ. ಎಫ್‌ಎಫ್‌ಎಗೆ ಹೆಣ್ಣುಮಕ್ಕಳು ರಾಷ್ಟ್ರಮಟ್ಟದಲ್ಲಿ ಅಧಿಕೃತವಾಗಿ ಸದಸ್ಯರಾದದ್ದು 1969ರಲ್ಲಿ. ಕಪ್ಪು ವರ್ಣೀಯ ವಿದ್ಯಾರ್ಥಿಗಳಿಗಿದ್ದ ಪ್ರತ್ಯೇಕ ಸಂಘಟನೆ ಎನ್‌ಎಫ್‌ಎ 1965ರಲ್ಲಿ ವಿಲೀನವಾದ ಮೇಲೆ ಅವರ ಸಂಖ್ಯೆ ತೀವ್ರವಾಗಿ ಕುಸಿಯಿತು. ಹೆಣ್ಣುಮಕ್ಕಳು ಈಗ ದೊಡ್ಡ ಸಂಖ್ಯೆಯಲ್ಲಿ ಶಿಕ್ಷಕಿಯರಾಗುತ್ತಿದ್ದಾರೆ. ಕಪ್ಪು ವರ್ಣೀಯರ ಕೊರತೆ ಮಾತ್ರ ಹಾಗೇ ಉಳಿದಿದೆ.

ಬಂದವರನ್ನು ಉಳಿಸಿಕೊಳ್ಳುವುದು ನೇಮಕಾತಿಯಷ್ಟೇ ಕಷ್ಟದ ಕೆಲಸ. ಮೊದಲ ಕೆಲವು ವರ್ಷಗಳಲ್ಲೇ ದಣಿದು ಬಿಡುವವರಿದ್ದಾರೆ. ಹೊಸಬರಿಗೆ ಹಿರಿಯ ಶಿಕ್ಷಕರೊಬ್ಬರನ್ನು ಮಾರ್ಗದರ್ಶಿಯಾಗಿ ಕೊಡುವುದು, ಬೇಸಿಗೆಯ ದುಡಿಮೆಗೆ ಪ್ರತ್ಯೇಕ ಸಂಬಳದ ಕರಾರು ಮಾಡಿಕೊಳ್ಳುವುದು, ವಿದ್ಯಾರ್ಥಿಗಳು ಹೆಚ್ಚಿದ ಕಡೆ ಎರಡನೆಯ ಹುದ್ದೆ ತೆರೆದು ಕೆಲಸ ಹಂಚುವುದು ಇದಕ್ಕೆ ಕಂಡುಕೊಂಡ ದಾರಿಗಳು. ಇವುಗಳಲ್ಲಿ ಹೆಚ್ಚು ನೆರವಾಗುವಂಥದ್ದು ಕೊನೆಯದು. ಅದಕ್ಕೆ ಹಣ ಕೊಡಬೇಕಾದದ್ದು ಆಯಾ ಶಾಲಾ ಜಿಲ್ಲೆ.