ಪ್ರಾಕ್ಕಲ್ಪನೆಯೂ ಪ್ರಮಾಣವೂ

ಪ್ರಾಕ್ಕಲ್ಪನೆಯೆಂಬುದು ಬರಿಯ ಊಹೆಯಲ್ಲ; ತಿಳಿದ ಸಂಗತಿಗಳನ್ನು ವಿವರಿಸುತ್ತ, ಮುಂದೆ ದೊರೆಯುವ ಆಧಾರದಿಂದ ಸುಳ್ಳಾಗಲೂಬಹುದಾದ ಹೇಳಿಕೆ. ಚರಿತ್ರೆಯಲ್ಲಿಯೂ ಇದಕ್ಕೆ ನಿದರ್ಶನವುಂಟು. 1837ರಲ್ಲಿ ಬ್ರಾಹ್ಮೀಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಅವರು ಶಾಸನಗಳ ‘ಪ್ರಿಯದರ್ಶಿ’ಯು ಸಿಂಹಳದ ಅರಸನಿರಬೇಕೆಂದು ಮೊದಲು ಭಾವಿಸಿದರು. ಅದೇ ವರ್ಷ ಜಾರ್ಜ್ ಟರ್ನರ್ ಅವರು ದೀಪವಂಸದ ಆಧಾರದಿಂದ ಅವನು ಮೌರ್ಯ ಅಶೋಕನೆಂದು ಸೂಚಿಸಿದರು. ಮೊದಲನೆಯ ಕಲ್ಪನೆ ಬಿದ್ದುಹೋಯಿತು, ಎರಡನೆಯದು ನಿಂತಿತು. ಆದರೆ ಆಗ ತಿಳಿದಿದ್ದ ಯಾವ ಧರ್ಮಶಾಸನದಲ್ಲಿಯೂ ಅಶೋಕನ ಹೆಸರಿರಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಆ ಹೆಸರೂ ಕಂಡಿತು. ಅಲ್ಲಿ ಬೇರೊಬ್ಬನ ಹೆಸರು ಇದ್ದಿದ್ದರೆ 78 ವರ್ಷಗಳ ಮತವು ಕುಸಿಯುತ್ತಿತ್ತು. ಈ ಅಪಾಯಕ್ಕೆ ತನ್ನನ್ನು ಒಡ್ಡಿಕೊಳ್ಳುವುದರಲ್ಲಿಯೇ ಪ್ರಾಕ್ಕಲ್ಪನೆಯ ಬೆಲೆಯಿದೆ. ವಿಜ್ಞಾನಕ್ಕೂ ಚರಿತ್ರೆಗೂ ಈ ನಿಯಮ ಒಂದೇ.