ಪಾಠದೊಳಗಿನ ಹಾಡು, ಪಾಠದ ಹೊರಗಿನ ಹಾಡು: ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಪ್ರೌಢಶಾಲೆಯ ಮಕ್ಕಳು ಸಂಗೀತ ಕಲಿಯುವ ಬಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಓದಲು ಬೇಕಾದಷ್ಟು ಮಾತ್ರ ತಿದ್ದಿ, ಮಾತಿನ ಧಾಟಿಯನ್ನು ಉಳಿಸಿಕೊಂಡಿದೆ. ಕೊನೆಯಲ್ಲಿ ಪ್ರಶ್ನೋತ್ತರ ಇದೆ.)

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡು ಶುರುಮಾಡ್ತೀನಿ.

ಪ್ರೌಢಶಾಲೆಯಲ್ಲಿ ಸಂಗೀತ ಶಿಕ್ಷಣ ಅಂದ ಕೂಡಲೇ ನಾವು ಕೇಳುವ ಪ್ರಶ್ನೆ ಒಂದೇ: ‘ಸಂಗೀತದ ಮೇಷ್ಟ್ರು ಇದ್ದಾರಾ?’ ಇಲ್ಲ ಅಂದರೆ ಆ ಶಾಲೆಯಲ್ಲಿ ಸಂಗೀತ ಇಲ್ಲ ಅಂತ ಬರೆದುಬಿಡ್ತೀವಿ. ಕೊಯಮತ್ತೂರು, ತಿರುಪ್ಪೂರು ಕಡೆಯ ಮಕ್ಕಳು ದಿನವೂ ಹಾಡುತ್ತಾರೆ, ಬಾರಿಸುತ್ತಾರೆ, ಕುಣಿಯುತ್ತಾರೆ. ಅದರಲ್ಲಿ ಶಾಲೆ ‘ಸಂಗೀತ’ ಅಂತ ಲೆಕ್ಕಕ್ಕೆ ತಗೊಳ್ಳೋದು ಯಾವುದನ್ನು, ಬಿಟ್ಟುಬಿಡೋದು ಯಾವುದನ್ನು ಅನ್ನೋದು ಇವತ್ತಿನ ವಿಷಯ. ಕನ್ನಡ ಮನೆಮಾತಾಗಿರುವ ಮಕ್ಕಳ ಮಟ್ಟಿಗೆ ಈ ಲೆಕ್ಕ ಭಾಷೆಯ ಅಳಿವು ಉಳಿವಿನವರೆಗೂ ಹೋಗುತ್ತದೆ ಎಂಬುದು ನನ್ನ ವಾದ. ನಾನೂ ಅಂಥ ಮನೆಯಲ್ಲೇ ಬೆಳೆದವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡದ ಅಕ್ಷರ ಕಲಿತದ್ದು ಪದವಿಗೆ ಸೇರಿದ ಮೇಲೆ.

1. ಯಾವ ಸೀಮೆ, ಯಾವ ಕನ್ನಡ

ತಿರುಪ್ಪೂರು ಬೇರೆ ಜಿಲ್ಲೆಯಾದದ್ದು 2009ರಲ್ಲಿ, ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ. 1799ರವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಇನ್ನೊಂದು ವಿಷಯ ನಮ್ಮಲ್ಲಿ ಅನೇಕರಿಗೆ ನೆನಪಿರೋದಿಲ್ಲ: ಮಲೆ ಮಹದೇಶ್ವರನ ಬೆಟ್ಟ ಆಗ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಕನ್ನಡದ ಬಹು ದೊಡ್ಡ ಮೌಖಿಕ ಮಹಾಕಾವ್ಯಗಳಲ್ಲಿ ಒಂದನ್ನು ಕಂಸಾಳೆ ಹಿಡಿದು ಹಾಡುವ ನೆಲ ಒಂದು ಕಾಲಕ್ಕೆ ಈ ಜಿಲ್ಲೆಯ ಭೂಪಟದೊಳಗೇ ಇತ್ತು.

ಈಗಲೂ ಸಿರುಮುಗೈ, ಕಾರಮಡೈ, ನೆಗಮಂ ಕಡೆಯ ದೇವಾಂಗ ನೇಕಾರರ ಮನೆಗಳಲ್ಲಿ, ಒಕ್ಕಲಿಗ ಗೌಡರ ಮನೆಗಳಲ್ಲಿ ಕನ್ನಡ ಕೇಳುತ್ತದೆ. ತಮಿಳು ಬೆರೆತ, ನಮ್ಮದೇ ಧಾಟಿಯ ಕನ್ನಡ. ತಾಳವಾಡಿ, ಹೊಸೂರಿನ ಕಡೆ ಕನ್ನಡ ಶಾಲೆಗಳಿವೆ. ನಮ್ಮ ಕಡೆಯ ಮಗುವಿನ ವೇಳಾಪಟ್ಟಿಯಲ್ಲಿ ಕನ್ನಡ ಬರೋದಿಲ್ಲ. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಹಂತಹಂತವಾಗಿ 10ನೇ ತರಗತಿಯವರೆಗೂ ತಮಿಳು ಕಡ್ಡಾಯ ಆಯಿತು. ತಮಿಳುನಾಡಿನ ಮಗು ತಮಿಳು ಕಲಿಯೋದರ ಬಗ್ಗೆ ನನಗೆ ತಕರಾರಿಲ್ಲ. ಮನೆಮಾತಿಗೆ ಶಾಲೆಯಲ್ಲಿ ಬೇರೆ ಯಾವ ಬಾಗಿಲೂ ಇಲ್ಲ ಅನ್ನೋದಷ್ಟೇ ಇಲ್ಲಿ ಮುಖ್ಯ. ಓದು ಬರಹಕ್ಕೆ ಸಿಗದ ಭಾಷೆ ಹಾಡು, ಗಾದೆ, ಬೈಗುಳದಲ್ಲಿ ಉಳಿಯುತ್ತೆ. ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಒಪ್ಪಿಸಬಹುದಾದದ್ದು ಇವುಗಳಲ್ಲಿ ಹಾಡೇ.

2. ವೇಳಾಪಟ್ಟಿಯೊಳಗೆ

ತಮಿಳುನಾಡಿನ 10ನೇ ತರಗತಿ ಪರೀಕ್ಷೆಗೆ ಐದು ವಿಷಯ, 500 ಅಂಕ. ಸಂಗೀತ ಆ ಐದರಲ್ಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾ ಶಿಕ್ಷಣ 10ನೇ ತರಗತಿಯವರೆಗೆ ಕಡ್ಡಾಯವಾಗಿರಲಿ ಎಂದು ಹೇಳಿತ್ತು. ಆದರೆ ಶಿಕ್ಷಕರನ್ನು ಕೊಡುವ ಕಾನೂನಿನ ಕೈ ಅಷ್ಟು ಉದ್ದ ಚಾಚೋದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ: 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ, ದೈಹಿಕ ಶಿಕ್ಷಣ, ಕೆಲಸದ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. 9ಕ್ಕೆ ಹೋದ ಮಗು ಈ ಅನುಸೂಚಿಯಿಂದ ಆಚೆ ಬಿತ್ತು.

ಇದೇ ಆಧಾರದ ಮೇಲೆ 2012ರಲ್ಲಿ ತಮಿಳುನಾಡು 16,549 ಅರೆಕಾಲಿಕ ಶಿಕ್ಷಕರನ್ನು ನೇಮಿಸಿತು. ಸಂಗೀತ, ಚಿತ್ರಕಲೆ, ಹೊಲಿಗೆ, ಕಂಪ್ಯೂಟರ್, ದೈಹಿಕ ಶಿಕ್ಷಣ ಎಲ್ಲ ಸೇರಿ ಈ ಸಂಖ್ಯೆ. ಆಗ ತಿಂಗಳಿಗೆ 5,000 ರೂಪಾಯಿ, ವಾರಕ್ಕೆ ಮೂರು ಅರ್ಧ ದಿನ. ಸಂಬಳ ಆಮೇಲೆ ಏರಿದೆ. ಕಾಯಂ ಮಾಡಿ ಅನ್ನುವ ಹೋರಾಟ ನಿಂತಿಲ್ಲ. ವಾರಕ್ಕೆ ಮೂರು ಅರ್ಧ ದಿನ ಬರುವವರಿಗೆ ಒಂದು ತರಗತಿಯ ಮಕ್ಕಳ ಗಂಟಲನ್ನು ಗುರುತು ಹಿಡಿಯಲೂ ಸಮಯ ಸಾಲದು.

ಗಂಭೀರವಾಗಿ ಕಲಿಯಬೇಕು ಅನ್ನುವವರಿಗೆ ದಾರಿ ಶಾಲೆಯ ಪಕ್ಕದಲ್ಲಿ ಹೋಗುತ್ತೆ. ರಾಜ್ಯ ಸರ್ಕಾರದ ಜಿಲ್ಲಾ ಸಂಗೀತ ಶಾಲೆಗಳಲ್ಲಿ ಗಾಯನ, ನಾದಸ್ವರ, ತವಿಲ್, ತೇವಾರಂ, ಮೃದಂಗ ಮುಂತಾದವು ಮೂರು ವರ್ಷದ ಕೋರ್ಸ್. ಅದರಾಚೆಗೆ ಕೊಯಮತ್ತೂರಿನ ಮಲುಮಿಚ್ಚಂಪಟ್ಟಿಯಲ್ಲಿ ಸರ್ಕಾರಿ ಸಂಗೀತ ಕಾಲೇಜಿದೆ. ಸರ್ಕಾರಿ ಪರೀಕ್ಷಾ ಇಲಾಖೆ ನಡೆಸುವ ತಾಂತ್ರಿಕ ಪರೀಕ್ಷೆಗಳಲ್ಲೂ ಸಂಗೀತ ಇದೆ. ಆ ಪಟ್ಟಿಯಲ್ಲಿ ಕೈಮಗ್ಗದ ನೇಯ್ಗೆಯೂ ಇದೆ ಅನ್ನೋದು ನೇಕಾರರ ಮಕ್ಕಳಾದ ನಮಗೆ ಸ್ವಲ್ಪ ನಗು ತರಿಸುವ ಸಂಗತಿ. ನಮ್ಮ ಮನೆಯ ಎರಡು ವಿದ್ಯೆಗಳೂ ‘ತಾಂತ್ರಿಕ’!

3. ಬೆಳಗಿನ 55 ಸೆಕೆಂಡು

ಹಾಗಾದರೆ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಸಿಗುವ ಸಂಗೀತ ಯಾವುದು? ಬೆಳಗಿನ ಪ್ರಾರ್ಥನಾ ಸಭೆಯ ತಮಿಳ್ ತಾಯ್ ವಾಳ್ತ್ತು. ಸುಂದರಂ ಪಿಳ್ಳೈ ಅವರ ‘ಮನೋನ್ಮಣೀಯಂ’ ನಾಟಕದ ಸಾಲುಗಳು, ಎಂ.ಎಸ್. ವಿಶ್ವನಾಥನ್ ಅವರ ರಾಗಸಂಯೋಜನೆ. 2021ರ ಡಿಸೆಂಬರಿನಲ್ಲಿ ಅದನ್ನು ರಾಜ್ಯಗೀತೆ ಎಂದು ಘೋಷಿಸಿದ ಆದೇಶ ರಾಗವನ್ನೂ ಹೇಳಿತು: ಮುಲ್ಲೈಪ್ಪಣ್, ಅಂದರೆ ನಮ್ಮ ಮೋಹನ. ಮೂರು ಎಣಿಕೆಯ ನಡೆ, 55 ಸೆಕೆಂಡು. ಸಾರ್ವಜನಿಕ ಸಭೆಗಳಲ್ಲಿ ರೆಕಾರ್ಡ್ ಹಾಕದೆ ಬಾಯಲ್ಲೇ ಹಾಡಬೇಕು ಎಂದೂ ಅದು ಹೇಳಿತು.

ಸಣ್ಣ ಲೆಕ್ಕ ಹಾಕೋಣ. ವರ್ಷಕ್ಕೆ 200 ಬೆಳಗು ಅಂತ ಇಟ್ಟುಕೊಂಡರೆ 11,000 ಸೆಕೆಂಡು, ಮೂರು ಗಂಟೆಗೆ ಸ್ವಲ್ಪ ಹೆಚ್ಚು. ಹತ್ತು ವರ್ಷಕ್ಕೆ ಮೂವತ್ತು ಗಂಟೆ. ಮೂವತ್ತು ಗಂಟೆ ಮೋಹನ ಹಾಡಿದ ಮಗು ಅದು! ಆದರೂ ‘ನೀನು ಹಾಡುತ್ತಿರುವುದು ಐದು ಸ್ವರದ ರಾಗ, ಇದರಲ್ಲಿ ಮ, ನಿ ಬರೋದಿಲ್ಲ’ ಅಂತ ಯಾರಾದರೂ ಹೇಳಿದರೆ ಅದಕ್ಕೆ ಆಶ್ಚರ್ಯವಾಗುತ್ತೆ. ಪಾಠಕ್ಕೆ ಬೇಕಾದ ಸಾಮಗ್ರಿ ಕಿವಿಯೊಳಗೆ ಆಗಲೇ ಇದೆ. ಅದಕ್ಕೆ ಹೆಸರಿಡುವ ಹತ್ತು ನಿಮಿಷ ವೇಳಾಪಟ್ಟಿಯಲ್ಲಿಲ್ಲ.

4. ವೇದಿಕೆ ಮತ್ತು ಅಂಗಳ

2022-23ರಿಂದ ಸರ್ಕಾರಿ ಶಾಲೆಗಳಲ್ಲಿ ‘ಕಲೈ ತಿರುವಿಳಾ’ ನಡೆಯುತ್ತಿದೆ. ಶಾಲೆ, ವಲಯ, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು. 9-10ನೇ ತರಗತಿಗೆ ಪ್ರತ್ಯೇಕ ವಿಭಾಗ. ಕೊನೆಗೆ ಗೆದ್ದವರಿಗೆ ‘ಕಲೈಯರಸನ್’, ‘ಕಲೈಯರಸಿ’ ಬಿರುದು. ಇದರಿಂದ ಒಳ್ಳೆಯದೇ ಆಗಿದೆ. ಜಾನಪದ ಹಾಡು, ಚರ್ಮವಾದ್ಯ ಇವೆಲ್ಲ ಶಾಲೆಯ ಹೆಸರಲ್ಲಿ ವೇದಿಕೆ ಹತ್ತಿದವು. ಆದರೆ ಸ್ಪರ್ಧೆಗೆ ನಿಮಿಷದ ಮಿತಿ ಇರುತ್ತೆ, ತೀರ್ಪುಗಾರರು ಇರುತ್ತಾರೆ. ಒಬ್ಬ ಚೆನ್ನಾಗಿ ಹಾಡುವ ಹುಡುಗನನ್ನು ಆರಿಸಿ ಕಳಿಸಿದರೆ ಶಾಲೆಯ ಕೆಲಸ ಮುಗಿಯಿತು. ಉಳಿದ ನಾಲ್ಕುನೂರು ಮಕ್ಕಳು ಚಪ್ಪಾಳೆ ತಟ್ಟುವವರು.

ಊರಿನ ಅಂಗಳದಲ್ಲಿ ಕ್ರಮ ಬೇರೆ. ಕೊಂಗು ಸೀಮೆಯ ವಳ್ಳಿ ಕುಮ್ಮಿಯನ್ನು ತಗೊಳ್ಳಿ. ಮುರುಗ ಮತ್ತು ವಳ್ಳಿಯ ಕಥೆ. ಗುರು ಒಂದು ಸಾಲು ಹಾಡುತ್ತಾರೆ, ಸುತ್ತು ನಿಂತವರು ಹೆಜ್ಜೆ ಹಾಕುತ್ತಾ ತಿರುಗಿ ಹೇಳುತ್ತಾರೆ. ತಪ್ಪು ಹೆಜ್ಜೆ ಹಾಕಿದವಳನ್ನು ಹೊರಗೆ ಕಳಿಸೋದಿಲ್ಲ, ಪಕ್ಕದವಳ ಕಾಲು ನೋಡಿ ಸರಿಮಾಡಿಕೊಳ್ಳುತ್ತಾಳೆ. ಮೇಟ್ಟುಪ್ಪಾಳಯದ ಹತ್ತಿರದ ತೇಕ್ಕಂಪಟ್ಟಿಯ ಭದ್ರಪ್ಪನ್ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತಲ್ಲ, ವಳ್ಳಿ ಒಯಿಲ್ ಕುಮ್ಮಿಗಾಗಿ. ಆಗ ಅವರಿಗೆ 87 ವರ್ಷ. ಗಂಡಸರೇ ಆಡುತ್ತಿದ್ದ ಆಟಕ್ಕೆ ಹೆಣ್ಣುಮಕ್ಕಳನ್ನು ತಯಾರು ಮಾಡಿದ್ದು ಅವರ ದೊಡ್ಡ ಕೆಲಸ ಅಂತ ಎಲ್ಲರೂ ಗುರುತಿಸಿದರು. ಇವತ್ತು ಸಂಜೆ ಕುಮ್ಮಿ ಕಲಿಯುವ ಹೈಸ್ಕೂಲ್ ಹುಡುಗಿಯರು ಇರುವುದು ಆ ಬದಲಾವಣೆಯಿಂದ.

ದೇವಾಂಗರ ಬೀದಿಗೆ ಬಂದರೆ ಚೌಡೇಶ್ವರಿಯ ಹಬ್ಬ. ಕೊಯಮತ್ತೂರಿನ ರಾಜ ಬೀದಿಯ ಸೌಡೇಶ್ವರಿ ಅಮ್ಮನ್ ಗುಡಿಯ ವಿಜಯದಶಮಿ ಮೆರವಣಿಗೆಯಲ್ಲಿ ಕತ್ತಿಸೇವೆ ಮಾಡುವವರು ‘ತೀಸುಕೋ ತಾಯೇ’ ಅಂತ ಕೂಗುತ್ತಾರೆ. ತಮಿಳು ನಾಡಿನಲ್ಲಿ, ಕನ್ನಡ ಮನೆಮಾತಿನವರ ಬಾಯಲ್ಲಿ, ತೆಲುಗಿನ ಕ್ರಿಯಾಪದ! ಆ ಲಯವನ್ನು ಯಾವ ಹುಡುಗನಿಗೂ ಯಾರೂ ಕೂರಿಸಿ ಕಲಿಸಿಲ್ಲ. ಅಪ್ಪನ ಹೆಗಲ ಮೇಲಿಂದ ಕೇಳಿ ಬಂದದ್ದು. ಹೆಂಗಸರದು ಬೇರೆ ಕಡೆ: ನಮ್ಮ ಮನೆಯಲ್ಲಿ ಆರತಿ ಎತ್ತುವಾಗ, ತೊಟ್ಟಿಲು ತೂಗುವಾಗ ಕನ್ನಡದ ಹಾಡು ಬರುತ್ತಿತ್ತು. ಇಬ್ಬರು ಎತ್ತಿಕೊಡೋರು, ಉಳಿದವರು ಹಿಡಿಯೋರು. ಹಿಡಿಯುವವರ ಸಾಲಿನಲ್ಲಿ ಹತ್ತು ವರ್ಷ ಕಳೆದವಳಿಗೆ ಒಂದು ದಿನ ಎತ್ತಿಕೊಡುವ ಸರದಿ ಬರುತ್ತೆ.

ಆ ಸರದಿ ಬರುವ ವಯಸ್ಸು ಸುಮಾರು ಹದಿಮೂರು, ಹದಿನಾಲ್ಕು. ಅದೇ ಹೊತ್ತಿಗೆ ಮಗು 9ನೇ ತರಗತಿಗೆ ಬಂದಿರುತ್ತೆ. ಟ್ಯೂಷನ್ ಶುರು, ಸಂಜೆ ಮನೆಯಲ್ಲಿ ಇರೋದಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡೋ ಅಭ್ಯಾಸವೂ ಆಗಲೇ ಗಟ್ಟಿಯಾಗೋದು. ಈ ಎರಡು ಮೂರು ವರ್ಷ ತಪ್ಪಿದರೆ ಹಾಡು ದಾಟೋದಿಲ್ಲ. ಅದಕ್ಕೇ ನನಗೆ ಪ್ರಾಥಮಿಕ ಶಾಲೆಗಿಂತ ಪ್ರೌಢಶಾಲೆಯ ಸಂಗೀತದ ಬಗ್ಗೆ ಆತಂಕ ಹೆಚ್ಚು.

5. ನೋಟ್‌ಬುಕ್ಕಿನಲ್ಲಿ ಬರೆದರೆ ಉಳಿಯೋದಿಲ್ಲವಾ?

ಬರೆದಿಟ್ಟುಕೊಳ್ಳಲಿ ಅಂತ ಅನೇಕರು ಹೇಳ್ತಾರೆ. ನಮ್ಮ ಮನೆಗಳಲ್ಲಿ ಬರೆಯುತ್ತಾರೆ ಕೂಡ, ತಮಿಳು ಲಿಪಿಯಲ್ಲಿ. ಇಲ್ಲೇ ಒಂದು ತಾಂತ್ರಿಕ ಅಡಚಣೆ ಇದೆ.

ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ತ-ದ, ಪ-ಬ ಕೂಡ ಹಾಗೇ. ತಮಿಳಿಗೆ ಇದು ಪೂರ್ತಿ ಒಗ್ಗುವ ಏರ್ಪಾಡು, ಯಾಕೆಂದರೆ ಅಕ್ಷರ ಪದದಲ್ಲಿ ಎಲ್ಲಿ ಬಂದಿದೆ ಅನ್ನೋದರಿಂದ ಉಚ್ಚಾರ ಗೊತ್ತಾಗುತ್ತೆ: ಮೊದಲಲ್ಲಿ ಬಂದರೆ ಸಾಮಾನ್ಯವಾಗಿ ‘ಕ’, ಅನುನಾಸಿಕದ ನಂತರ ಬಂದರೆ ‘ಗ’. ಕನ್ನಡದಲ್ಲಿ ಮಾತ್ರ ಈ ವ್ಯತ್ಯಾಸದಿಂದ ಅರ್ಥವೇ ಬದಲಾಗುತ್ತೆ. ‘ಗಾಳಿ’ ಮತ್ತು ‘ಕಾಳಿ’ ತಮಿಳು ಲಿಪಿಯಲ್ಲಿ ಒಂದೇ ಥರ. ‘ಬಟ್ಟೆ’ ಮತ್ತು ‘ಪಟ್ಟೆ’ ಒಂದೇ ಥರ. ನೇಕಾರರ ಹಾಡಿನಲ್ಲಿ ಬರುವ ‘ದಾರ’ವನ್ನು ‘ತಾರ’ ಅಂತಲೂ ಓದಬಹುದು. ಹಾಡನ್ನು ಮೊದಲೇ ಕೇಳಿದವಳು ಸರಿಯಾಗಿಯೇ ಹಾಡುತ್ತಾಳೆ. ಕೇಳದೆ ನೋಟ್‌ಬುಕ್ಕನ್ನೇ ನಂಬಿದ ಮೊಮ್ಮಗಳು ಗಾಳಿ ಬೀಸುವ ಕಡೆ ಕಾಳಿಯನ್ನು ಕರೆಯುತ್ತಾಳೆ.

ಜೊತೆಗೆ ಯಾರು ಎತ್ತಿಕೊಡಬೇಕು, ಯಾವ ಅರ್ಧ ಎರಡು ಸಲ, ಉಸಿರು ಎಲ್ಲಿ ಅನ್ನೋದು ಯಾವ ಲಿಪಿಯಲ್ಲೂ ಇರೋದಿಲ್ಲ. ಬರಹ ಈ ಹಾಡಿಗೆ ಜ್ಞಾಪಕ ಚೀಟಿ ಅಷ್ಟೇ. ಹಾಡು ದಾಟಬೇಕಾದರೆ ಬಾಯಿಂದ ಕಿವಿಗೇ ದಾಟಬೇಕು.

6. ಶಾಲೆ ಏನು ಮಾಡಬಹುದು

ಹೊಸ ಹುದ್ದೆ ಬರುವವರೆಗೂ ಕಾಯಬೇಕಿಲ್ಲದ ಮೂರು ಕೆಲಸ ಹೇಳ್ತೀನಿ.

ಮೊದಲನೆಯದು, ದಿನವೂ ಹಾಡುವ ರಾಜ್ಯಗೀತೆಯನ್ನೇ ಪಾಠ ಮಾಡೋದು. ಪದ ಬಿಟ್ಟು ‘ನ ನ ನ’ ಅಂತ ನಿಧಾನವಾಗಿ ಹಾಡಿಸಿ, ಫೋನಿನ ತಂಬೂರಿ ಆ್ಯಪ್ ಹಾಕಿ ಷಡ್ಜ ಹುಡುಕಿಸಿ. ಐದು ಸ್ವರ ಮಕ್ಕಳೇ ಕಂಡುಹಿಡಿಯಲಿ.

ಎರಡನೆಯದು, ವಾರಕ್ಕೊಂದು ಬೆಳಗು ಪ್ರಾರ್ಥನಾ ಸಭೆಯಲ್ಲಿ ಒಂದು ಮನೆಯ ಹಾಡು. ಯಾವ ಭಾಷೆಯಾದರೂ ಸರಿ. ತಂದವರು ಒಬ್ಬರೇ ಹಾಡುವ ಹಾಗಿಲ್ಲ. ತರಗತಿಯ ಐದು ಜನಕ್ಕೆ ಕಲಿಸಿ, ಅವರ ಜೊತೆ ಹಾಡಬೇಕು. ಆಗ ಅಂಗಳದ ಕ್ರಮ ಶಾಲೆಯೊಳಗೆ ಬರುತ್ತೆ.

ಮೂರನೆಯದು, ಹಾಡಿದವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ ಶಾಲೆಯಲ್ಲಿ ಇಡೋದು. ಕಡತದ ಹೆಸರಲ್ಲಿ ಊರು, ಸಂದರ್ಭ, ಭಾಷೆ ಇರಲಿ. ಲಿಪಿಯ ಅಡಚಣೆ ಧ್ವನಿಗೆ ಇಲ್ಲ.

ಪ್ರಶ್ನೋತ್ತರ

*ಪ್ರಶ್ನೆ: ಇಷ್ಟೆಲ್ಲ ಸುತ್ತುವುದಕ್ಕಿಂತ ಕನ್ನಡ ಲಿಪಿಯನ್ನೇ ಕಲಿಸಬಹುದಲ್ಲ?*

ಕಲಿಸಿದರೆ ಸಂತೋಷ. ಆದರೆ ಅದಕ್ಕೆ ಶಿಕ್ಷಕರು ಬೇಕು, ಪಠ್ಯ ಬೇಕು, ವೇಳೆ ಬೇಕು. ಹಾಡು ಗೊತ್ತಿರುವ ಅಜ್ಜಿಯರಿಗೆ ಈಗಲೇ ಎಪ್ಪತ್ತು ದಾಟಿದೆ. ಲಿಪಿಯನ್ನು ಇಪ್ಪತ್ತರಲ್ಲೂ ಕಲಿಯಬಹುದು, ನಾನೇ ಕಲಿತಿದ್ದೀನಿ. ಆ ಹೊತ್ತಿಗೆ ನನ್ನ ಅಜ್ಜಿ ಇರಲಿಲ್ಲ.

*ಪ್ರಶ್ನೆ: ಶಿಕ್ಷಕರಿಗೆ ಕನ್ನಡ ಬರದಿದ್ದರೆ ಮೌಲ್ಯಮಾಪನ ಹೇಗೆ?*

ಕಲಿತ ಐವರೂ ಶ್ರುತಿ ಬಿಡದೆ, ತಾಳ ತಪ್ಪದೆ, ಒಬ್ಬರಿಗೊಬ್ಬರು ಕಿವಿಗೊಟ್ಟು ಹಾಡ್ತಾರಾ ಅಂತ ನೋಡಿದರೆ ಸಾಕು. ಅದಕ್ಕೆ ಭಾಷೆ ಬರಬೇಕಿಲ್ಲ. ಅರ್ಥವನ್ನು ಮಗು ತಮಿಳಿನಲ್ಲಿ ವಿವರಿಸಲಿ; ತಮಿಳು ತರಗತಿಗೂ ಅದು ಒಳ್ಳೆಯ ಅಭ್ಯಾಸ.

*ಪ್ರಶ್ನೆ: ಮನೆಯ ಹಾಡು ಅಂದರೆ ಜಾತಿಯ ಹಾಡು. ಶಾಲೆಯೊಳಗೆ ಜಾತಿಯನ್ನು ಕರೆದಂತೆ ಆಗೋದಿಲ್ಲವೇ?*

ಇದು ನಿಜವಾದ ಅಪಾಯ. ಕುಮ್ಮಿಯ ಸುತ್ತು ಒಂದೇ ಸಮುದಾಯದ ಬಲಪ್ರದರ್ಶನ ಆಗಬಹುದು. ಪರೈ ವಾದ್ಯವನ್ನು ಸಾವಿನ ಮನೆಗೆ, ಒಂದು ಕೇರಿಗೆ ಕಟ್ಟಿಹಾಕಿದ ಚರಿತ್ರೆ ನಮ್ಮ ಕಣ್ಣ ಮುಂದೇ ಇದೆ. ಅದಕ್ಕೇ ಐದು ಜನಕ್ಕೆ ಕಲಿಸಬೇಕು ಅನ್ನುವ ನಿಯಮ. ಆ ಐವರನ್ನು ಶಿಕ್ಷಕರು ಚೀಟಿ ಎತ್ತಿ ಆರಿಸಲಿ. ಪರೈ ಬಾರಿಸುವ ಹುಡುಗನ ಹತ್ತಿರ ಗೌಂಡರ ಹುಡುಗ ಕೋಲು ಹಿಡಿಯೋದನ್ನು ಕಲಿಯಬೇಕು, ನನ್ನ ಬೀದಿಯ ಹುಡುಗಿ ಒಡಿಯಾ ಹಾಡು ಕಲಿಯಬೇಕು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಒಡಿಶಾ, ಬಿಹಾರ, ಜಾರ್ಖಂಡಿನಿಂದ ಬಂದವರ ಮಕ್ಕಳು ಈಗ ಅದೇ ಬೆಂಚುಗಳಲ್ಲಿ ಕೂತಿದ್ದಾರೆ. ನಮ್ಮ ಪೂರ್ವಜರೂ ಹೊರಗಿನಿಂದ ಒಂದು ಭಾಷೆ ಹೊತ್ತು ಬಂದವರೇ. ಮನೆಯ ಹಾಡಿಗೆ ಶಾಲೆಯಲ್ಲಿ ಜಾಗ ಬೇಕು ಅಂತ ನಾವು ಕೇಳುವುದಾದರೆ ಅವರ ಪರವಾಗಿಯೂ ಕೇಳಬೇಕು.

ಸಮಯ ಮುಗೀತು ಅಂತ ಸಂಚಾಲಕರು ಬರೆದಿದ್ದಾರೆ.